ಕಪ್ಪು ಟ್ಯಾಂಕಿನ ಮೇಲೆ ಜೇಡರ ಬಲೆ

ಪ್ರಶ್ನೆ: ಎಂಟು ತಿಂಗಳ ಹಿಂದೆ ಕಪ್ಪು ಬಣ್ಣದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಂಡೆ. ದಿನಾ ಬೆಳಿಗ್ಗೆ ಹಳದಿ ಬಟ್ಟೆಯಲ್ಲಿ ಒರೆಸುತ್ತೇನೆ. ಭಾನುವಾರ ಬೋರ್ ನೀರಲ್ಲಿ ತೊಳೆಯುತ್ತೇನೆ. ತಿಂಗಳಿಗೊಮ್ಮೆ ವಾಟರ್ ಸರ್ವಿಸ್. ಇಷ್ಟೆಲ್ಲಾ ನೋಡಿಕೊಂಡರೂ ಬಿಸಿಲಲ್ಲಿ ನಿಲ್ಲಿಸಿದರೆ ಟ್ಯಾಂಕಿನ ಮೇಲೆ ಜೇಡರ ಬಲೆಯಂಥ ಗೆರೆಗಳು, ಬಿಳಿ ಬಿಳಿ ಚುಕ್ಕೆಗಳು. ಪಕ್ಕದ ಮನೆಯವರದೂ ಕಪ್ಪು ಗಾಡಿಯೇ. ಅವರು ಒರೆಸುವುದೇ ಇಲ್ಲ, ಆದರೂ ಅವರ ಟ್ಯಾಂಕ್ ನನ್ನದಕ್ಕಿಂತ ಚೆನ್ನಾಗಿದೆ! ಅಂಗಡಿಯವರು ಸೆರಾಮಿಕ್ ಕೋಟಿಂಗ್ ಮಾಡಿಸಿ ಅಂತಾರೆ. ಮಾಡಿಸಲಾ? ಕಪ್ಪು ತಗೊಂಡಿದ್ದೇ ತಪ್ಪು ಅಂತ ಮನೆಯಲ್ಲಿ ದಿನಾ ಕೇಳಬೇಕಾಗಿದೆ.
– ಒಬ್ಬ ಓದುಗರು, ಚಿಂತಾಮಣಿ

ಉತ್ತರ: ಪಕ್ಕದ ಮನೆಯವರ ವಿಷಯ ಬರೆದಿರಲ್ಲ, ಉತ್ತರ ಅಲ್ಲೇ ಇದೆ. ಅವರು ಗಾಡಿ ಮುಟ್ಟುವುದಿಲ್ಲ, ನೀವು ದಿನಾ ಮುಟ್ಟುತ್ತೀರಿ. ನಿಮ್ಮ ಟ್ಯಾಂಕಿಗೆ ಆ ಗೆರೆ ಬಿದ್ದದ್ದು ರಸ್ತೆಯಲ್ಲಲ್ಲ. ನಿಮ್ಮ ಮನೆ ಗೇಟಿನೊಳಗೆ, ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ, ಆ ಹಳದಿ ಬಟ್ಟೆಯಿಂದ.

ಬೇಜಾರು ಮಾಡಿಕೊಳ್ಳಬೇಡಿ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪೇಂಟು, ಪಾಲಿಶ್ ಕೆಲಸ ಮಾಡಿಕೊಂಡಿದ್ದೇನೆ. ನನ್ನ ಶೆಡ್ಡಿಗೆ ಬರುವ ಕಪ್ಪು ಗಾಡಿಗಳಲ್ಲಿ ಗೆರೆ ಜಾಸ್ತಿ ಇರುವುದು ಗಾಡಿ ಮೇಲೆ ಜೀವ ಇಟ್ಟುಕೊಂಡವರದ್ದೇ. ಹಾಲು ಹಾಕುವವರ ಗಾಡಿ ಬರುತ್ತದೆ, ಕ್ಯಾನ್ ತಗುಲಿ ಪಕ್ಕದಲ್ಲಿ ಪೇಂಟೇ ಹೋಗಿರುತ್ತದೆ, ಆದರೆ ಟ್ಯಾಂಕಿನ ಮೇಲ್ಭಾಗ ಕನ್ನಡಿಯ ಹಾಗಿರುತ್ತದೆ. ಯಾರೂ ಒರೆಸಿಲ್ಲ, ಅಷ್ಟೇ.

ನಿಮ್ಮ ಕಡೆ ಧೂಳು ಎಂಥದು ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಬಂಡೆಯೆಲ್ಲ ಗ್ರಾನೈಟ್ ಜಾತಿಯದು. ಅದು ಪುಡಿಯಾಗಿ ಆದ ಕೆಂಪು ಮಣ್ಣಿನಲ್ಲಿ ಸ್ಫಟಿಕದ ಕಣ ಇರುತ್ತದೆ, ಮೇಲೆ ಕ್ರಷರ್ ಧೂಳು ಬೇರೆ. ಸ್ಫಟಿಕ ಗಾಜಿನ ಮೇಲೂ ಗೆರೆ ಎಳೆಯುವಷ್ಟು ಗಟ್ಟಿ. ಟ್ಯಾಂಕಿನ ಪೇಂಟೋ, ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿಸಿದರೂ ಹೆಚ್ಚುಕಮ್ಮಿ ಒಂದು ಎ4 ಹಾಳೆಯ ದಪ್ಪ. ಅದರಲ್ಲಿ ಹೊಳಪು ಕೊಡುವ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್. ನಮ್ಮ ತಲೆಕೂದಲಿಗಿಂತ ತೆಳು. ಆ ಪದರದ ಮೇಲೆ ಒಣ ಧೂಳು, ಅದರ ಮೇಲೆ ಒಣ ಬಟ್ಟೆ, ಅದರ ಮೇಲೆ ನಿಮ್ಮ ಅಂಗೈ. ವಾಟರ್ ಪೇಪರ್, ಅಂದರೆ ಪೇಂಟ್ ತೇಯುವ ಮರಳು ಕಾಗದ, ಹಾಕಿ ಉಜ್ಜಿದ ಹಾಗೇ ಲೆಕ್ಕ, ಸ್ವಲ್ಪ ನಿಧಾನ ಅಷ್ಟೇ.

ನಂಬಿಕೆ ಬರದಿದ್ದರೆ ಒಂದು ಹಳೇ ಸಿಡಿ ಹುಡುಕಿ. ಅದರ ಹೊಳೆಯುವ ಬದಿಯನ್ನು ನಿಮ್ಮ ಹಳದಿ ಬಟ್ಟೆಯಲ್ಲಿ, ಇವತ್ತು ಟ್ಯಾಂಕ್ ಒರೆಸಿದ ಅದೇ ಬಟ್ಟೆಯಲ್ಲಿ, ಹತ್ತು ಸಲ ಉಜ್ಜಿ. ಮೊಬೈಲ್ ಟಾರ್ಚ್ ಹಾಕಿ ನೋಡಿ. ನನ್ನ ಶೆಡ್ಡಿನಲ್ಲಿ ಇಂಥ ಸಿಡಿ ಒಂದು ಮೊಳೆಗೆ ನೇತುಹಾಕಿದ್ದೇನೆ. ಗಿರಾಕಿಗಳಿಗೆ ಬಾಯಲ್ಲಿ ಹೇಳಿ ಸಾಕಾದ ಮೇಲೆ ಮಾಡಿಕೊಂಡ ಉಪಾಯ.

ಟಾರ್ಚ್ ಕೈಯಲ್ಲಿರುವಾಗಲೇ ಟ್ಯಾಂಕಿನ ಮೇಲೂ ಹಾಯಿಸಿ. ಬೆಳಕಿನ ಸುತ್ತ ಸುತ್ತುಸುತ್ತಾಗಿ ಬಲೆ ಕಾಣುತ್ತದೆ. ಟಾರ್ಚ್ ಸರಿಸಿ, ಬಲೆಯೂ ಜೊತೆಗೇ ಸರಿಯುತ್ತದೆ! ಅಂದರೆ ಗೆರೆಗಳು ದುಂಡಗಿಲ್ಲ. ಅಡ್ಡಾದಿಡ್ಡಿ ಎಲ್ಲ ಕಡೆಗೂ ಇವೆ. ಬೆಳಕಿಗೆ ಅಡ್ಡ ಬರುವ ಗೆರೆ ಮಾತ್ರ ಮಿನುಗಿ ನಮ್ಮ ಕಣ್ಣಿಗೆ ಬಲೆ ಕಟ್ಟುತ್ತದೆ. ಬಿಳಿ ಗಾಡಿಯಲ್ಲೂ ಇಷ್ಟೇ ಗೆರೆ ಇರುತ್ತವೆ. ಅಲ್ಲಿ ಕೆಳಗಿನ ಬಿಳುಪೇ ಬೆಳಕು ಚೆಲ್ಲುವುದರಿಂದ ಗೆರೆಯ ಮಿನುಗು ಅದರಲ್ಲಿ ಕಳೆದುಹೋಗುತ್ತದೆ. ಕಪ್ಪು ಬೆಳಕನ್ನು ನುಂಗಿ ಸುಮ್ಮನಿರುತ್ತದೆ, ಹಾಗಾಗಿ ಗೆರೆಯೊಂದೇ ಎದ್ದು ಕಾಣುತ್ತದೆ.

ನಾನೂ ಇದನ್ನು ಬೈಸಿಕೊಂಡೇ ಕಲಿತವನು. ಕೆಲಸಕ್ಕೆ ಸೇರಿದ ಹೊಸತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು, ಆದರೆ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಊರ ತುಂಬ ಓಡಾಡುತ್ತಿದ್ದವು. ಒಂದು ಕಪ್ಪು ಯೆಜ್ಡಿಗೆ ಉಸ್ತಾದರು ಮೂರು ದಿನ ಕೂತು ಪೇಂಟ್ ಮಾಡಿದ್ದರು. ಗಿರಾಕಿ ಬರುವ ಹೊತ್ತಿಗೆ ಟ್ಯಾಂಕಿನ ಮೇಲೆ ಒಂಚೂರು ಧೂಳು ಕೂತಿತ್ತು. ಚೆನ್ನಾಗಿ ಕಾಣಲಿ ಅಂತ ಹೆಗಲ ಮೇಲಿನ ಬನಿಯನ್ ವೇಸ್ಟಿನಲ್ಲಿ ನಾನು ರಪರಪ ಒರೆಸಿದೆ. ಉಸ್ತಾದರು ಏನೂ ಅನ್ನದೆ ಗಾಡಿಯನ್ನು ಬಿಸಿಲಿಗೆ ತಳ್ಳಿದರು. ನನ್ನ ತಲೆ ಹಿಡಿದು ಟ್ಯಾಂಕಿನ ಹತ್ತಿರ ಬಗ್ಗಿಸಿದರು. ನಾಲ್ಕು ಬೆರಳಿನ ಅಗಲಕ್ಕೆ, ಸೀಟಿನಿಂದ ಕ್ಯಾಪಿನವರೆಗೆ, ನನ್ನ ಕೈ ಹೋದ ದಾರಿ ಪೂರ್ತಿ ಕಾಣುತ್ತಿತ್ತು. ಆಮೇಲಿನ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು, ದಿನಾ ಒರೆಸುವುದು ಬಿಡಿ. ಧೂಳು ಸುಮ್ನೆ ಕೂತಿದ್ದರೆ ಪೇಂಟಿಗೆ ಏನೂ ಆಗುವುದಿಲ್ಲ. ಇದನ್ನು ಹೇಳಿದರೆ ಜನ ನನ್ನನ್ನು ಸೋಮಾರಿ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಸೀಟು, ಹ್ಯಾಂಡಲ್, ಮಿರರ್, ಲೈಟು, ನಂಬರ್ ಪ್ಲೇಟ್ ಒರೆಸಿಕೊಳ್ಳಿ. ಟ್ಯಾಂಕು, ಸೈಡ್ ಪ್ಯಾನಲ್, ಮಡ್‌ಗಾರ್ಡ್ ಮಾತ್ರ ಒಣ ಬಟ್ಟೆಯಲ್ಲಿ ಮುಟ್ಟಬೇಡಿ. ಮದುವೆಗೋ ಎಲ್ಲಿಗೋ ಹೊರಟಿದ್ದೀರಿ, ಧೂಳು ಕಣ್ಣಿಗೆ ಚುಚ್ಚುತ್ತಿದೆ ಅಂದರೆ ಒಂದು ಚೊಂಬು ನೀರು ಮೇಲಿನಿಂದ ನಿಧಾನಕ್ಕೆ ಸುರಿದು, ಒದ್ದೆ ಮೈಕ್ರೋಫೈಬರ್ ಬಟ್ಟೆಯನ್ನು ಟ್ಯಾಂಕಿನ ಮೇಲೆ ಹಾಸಿ ಎತ್ತಿ. ಉಜ್ಜಬೇಡಿ.

ವಾರಕ್ಕೋ ಹದಿನೈದು ದಿನಕ್ಕೋ ತೊಳೆಯುವಾಗ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬರೀ ನೀರಿನ ಬಕೆಟ್ ತಳದಲ್ಲಿ ತರಕಾರಿ ತೊಳೆಯುವ ಪ್ಲಾಸ್ಟಿಕ್ ಜರಡಿಯೊಂದನ್ನು ಬೋರಲು ಹಾಕಿ. ಮನೆಯಲ್ಲಿ ಕೇಳಿ ತಗೊಳ್ಳಿ, ಕೇಳದೆ ತಗೊಂಡರೆ ಅದರ ಜವಾಬ್ದಾರಿ ನನ್ನದಲ್ಲ. ಮೊದಲು ಗಾಡಿಗೆ ನೀರು ಸುರಿದು ಧೂಳನ್ನು ತಾನಾಗಿ ಇಳಿಯಲು ಬಿಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಆಮೇಲೆ ಬಟ್ಟೆಯನ್ನು ಶಾಂಪೂ ನೀರಲ್ಲಿ ಅದ್ದಿ, ಟ್ಯಾಂಕಿನ ಮೇಲಿಂದ ಕೆಳಕ್ಕೆ ಭಾರ ಹಾಕದೆ ಎಳೆಯಿರಿ. ಎರಡು ಎಳೆತಕ್ಕೊಮ್ಮೆ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ, ಜರಡಿಗೆ ಸವರಿ, ಮತ್ತೆ ಶಾಂಪೂಗೆ. ಮರಳೆಲ್ಲ ಜರಡಿ ಕೆಳಗೆ ಇಳಿಯುತ್ತದೆ. ತೊಳೆದಾದ ಮೇಲೆ ಬಕೆಟ್ ತಳ ಒಮ್ಮೆ ನೋಡಿ, ಅಷ್ಟು ಮರಳು ಇಷ್ಟು ದಿನ ಎಲ್ಲಿ ಸುತ್ತುತ್ತಿತ್ತು ಅಂತ ಗೊತ್ತಾಗುತ್ತದೆ.

ಶಾಂಪೂ ಅಂದರೆ ಗಾಡಿ ಶಾಂಪೂ. ಬಟ್ಟೆ ಸೋಪಿನ ಪುಡಿ ಕ್ಷಾರ, ಮೇಲಿನ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ, ಕರಗದ ಕಾಳು ಗೆರೆಯನ್ನೂ ಬೀಳಿಸುತ್ತದೆ. ಸ್ಪಂಜೂ ಬೇಡ, ಅದರ ತೂತಲ್ಲಿ ಮರಳು ಕೂತುಬಿಡುತ್ತದೆ. ಚಕ್ರ, ಚೈನ್ ಕಡೆಗೆ ಬೇರೆಯೇ ಬಟ್ಟೆ ಇರಲಿ, ಅದು ತಪ್ಪಿಯೂ ಟ್ಯಾಂಕಿಗೆ ಬರಬಾರದು. ಬಟ್ಟೆ ನೆಲಕ್ಕೆ ಬಿತ್ತು ಅಂದರೆ ಆವತ್ತಿನ ಮಟ್ಟಿಗೆ ಅದರ ಕೆಲಸ ಮುಗಿಯಿತು. ಎತ್ತಿ ಕೊಡವಿ ಮತ್ತೆ ಒರೆಸುವವರನ್ನು ಕಂಡರೆ ನನಗೆ ಈಗಲೂ ಉಸ್ತಾದರ ಬೈಗುಳ ನೆನಪಾಗುತ್ತದೆ.

ಇಷ್ಟಕ್ಕೆ ಎರಡು ಬಕೆಟ್ ಮತ್ತು ಮೇಲೆ ಒಂದಿಷ್ಟು ಚೊಂಬು ನೀರು ಸಾಕು. ಪೈಪ್ ಬಿಟ್ಟುಕೊಂಡು ನಿಲ್ಲುವುದು ಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಹೇಳಿತ್ತಲ್ಲ, ಆಗ ಬೆಂಗಳೂರಿನ ಎಷ್ಟೋ ಗಿರಾಕಿಗಳು ಅರ್ಧ ಬಕೆಟ್ಟಿನಲ್ಲಿ ತೊಳೆಯುವುದು ಕಲಿತರು.

ಈಗ ಆ ಬಿಳಿ ಚುಕ್ಕೆ. ಅದು ನಿಮ್ಮ ಬೋರ್ ನೀರು. ಆಳದ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಆಗಬಹುದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಸ್ನಾನದ ಮನೆಯ ನಲ್ಲಿಗೆ ಬಿಳಿ ಹಕ್ಕಳೆ ಕಟ್ಟಿದ್ದರೆ, ಸೋಪು ನೊರೆ ಬಾರದಿದ್ದರೆ ನಿಮ್ಮದು ಗಡಸು ನೀರೇ. ಟ್ಯಾಂಕಿನ ಮೇಲೆ ಹನಿ ಆರಿದಾಗ ನೀರು ಹೋಗಿ ಸುಣ್ಣ ಉಳಿಯುತ್ತದೆ. ಹನಿಯ ಅಂಚಿನಲ್ಲಿ ಜಾಸ್ತಿ ಉಳಿಯುವುದರಿಂದ ಉಂಗುರದ ಹಾಗೆ ಕಾಣುತ್ತದೆ. ಬಿಸಿಲಲ್ಲಿ ಕಪ್ಪು ಟ್ಯಾಂಕು ಕಾದ ಕಾವಲಿ. ನೀವು ಇನ್ನೊಂದು ಪಕ್ಕ ತೊಳೆದು ಬರುವಷ್ಟರಲ್ಲಿ ಈ ಪಕ್ಕ ಆರಿ ಚುಕ್ಕೆ ಬಿದ್ದಿರುತ್ತದೆ.

ಅದಕ್ಕೇ ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ, ಇಲ್ಲವೇ ಸಂಜೆ, ಎಂಜಿನ್ ತಣ್ಣಗಾದ ಮೇಲೆ. ಅಂಗೈ ಹಿಂಭಾಗ ಟ್ಯಾಂಕಿಗೆ ಇಟ್ಟು ನೋಡಿ, ಬೆಚ್ಚಗಿದ್ದರೂ ಕಾಯಿರಿ. ಕೊನೆಯ ಒಂದೆರಡು ಲೀಟರ್ ಮಾತ್ರ ಬೋರ್ ನೀರು ಬೇಡ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನು ಮೇಲಿನಿಂದ ಹರಿಯಬಿಡಿ. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರು ಇನ್ನೂ ಒಳ್ಳೆಯದು, ಮೊದಲ ಹತ್ತು ನಿಮಿಷದ ಕೊಳೆ ನೀರು ಬಿಟ್ಟು ಹಿಡಿಯಿರಿ. ಆಮೇಲೆ ದಪ್ಪನೆಯ ಇನ್ನೊಂದು ಮೈಕ್ರೋಫೈಬರ್ ಟವೆಲ್ ಹಾಸಿ, ಒತ್ತಿ, ಎತ್ತಿ.

ಒಂದು ಎಚ್ಚರ. ಮನೆಯ ಆರ್‌ಒ ಯಂತ್ರದಿಂದ ಹೊರಗೆ ಬೀಳುವ ನೀರನ್ನು ಹಾಳು ಮಾಡುವುದೇಕೆ ಅಂತ ಬಕೆಟ್ಟಿಗೆ ಹಿಡಿದು ಗಾಡಿ ತೊಳೆಯುವವರು ತುಂಬಾ ಜನ. ಉದ್ದೇಶ ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಸುಣ್ಣ ಉಪ್ಪೆಲ್ಲ ಸೇರಿರುವುದು ಆ ನೀರಿನಲ್ಲೇ. ಅಂಗಳ ತೊಳೆಯಿರಿ, ಕಪ್ಪು ಗಾಡಿಗೆ ಬೇಡವೇ ಬೇಡ.

ಈಗಾಗಲೇ ಬಿದ್ದಿರುವ ಚುಕ್ಕೆಗೆ ಅಡುಗೆ ಮನೆಯ ವಿನೆಗರ್ ಸಾಕು. ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ತೊಳೆದು ತಣ್ಣಗಿರುವ ಟ್ಯಾಂಕಿನ ಮೇಲೆ ಒಂದೆರಡು ನಿಮಿಷ ಹಾಸಿಡಿ. ಸುಣ್ಣ ಕರಗುತ್ತದೆ. ತಕ್ಷಣ ಚೆನ್ನಾಗಿ ನೀರು ಹಾಕಿ. ಅಲ್ಯೂಮಿನಿಯಂ ಎಂಜಿನ್ ಕೇಸಿಗೆ, ಚೈನಿಗೆ ಅದು ಇಳಿಯದಂತೆ ನೋಡಿಕೊಳ್ಳಿ. ಇಷ್ಟಾದರೂ ಚುಕ್ಕೆ ಹೋಗಲಿಲ್ಲ ಅಂದರೆ ಅದು ಸುಣ್ಣವಲ್ಲ, ಪೇಂಟಿನಲ್ಲೇ ಬಿದ್ದ ಸಣ್ಣ ಗುಳಿ. ಅದಕ್ಕೆ ಪಾಲಿಶ್ಶೇ ಆಗಬೇಕು.

ವಾಟರ್ ಸರ್ವಿಸ್ ಬಗ್ಗೆ ಎರಡು ಮಾತು. ಲಾರಿ ಚಕ್ರ ಉಜ್ಜಿದ ಬ್ರಷ್ಷೇ ನಿಮ್ಮ ಟ್ಯಾಂಕಿಗೂ ಬರುತ್ತದೆ. ಕೊನೆಗೆ ಫಳಫಳ ಅನ್ನಲಿ ಅಂತ ಕೆಲವು ಕಡೆ ಡೀಸೆಲ್ ಹೊಡೆಯುತ್ತಾರೆ. ಒಂದು ಗಂಟೆ ಹೊಳೆಯುತ್ತದೆ, ಸಂಜೆಗೆ ಊರಿನ ಧೂಳೆಲ್ಲ ಅದಕ್ಕೇ ಅಂಟಿರುತ್ತದೆ. ರಬ್ಬರ್ ಭಾಗಗಳೂ ಉಬ್ಬುತ್ತವೆ. ಎಲ್ಲಕ್ಕಿಂತ ಅಪಾಯ, ಅದು ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಹೋಗಲೇಬೇಕಾದರೆ ಕೆಳಗಿನ ಕೆಸರು ಮಾತ್ರ ಹೊಡೆಸಿಕೊಳ್ಳಿ. ಗನ್ ಎರಡು ಮೂರು ಅಡಿ ದೂರ ಇರಲಿ, ಚಕ್ರದ ಬೇರಿಂಗ್, ಹ್ಯಾಂಡಲ್ ಸ್ವಿಚ್‌ಗಳ ಕಡೆ ಬೇಡ. ಡೀಸೆಲ್ ಬೇಡಣ್ಣ ಅಂತ ಮೊದಲೇ ಹೇಳಿ. ಎಲ್ಲಿ ತೊಳೆದರೂ ಹೊರಡುವಾಗ ನಿಧಾನವಾಗಿ ಓಡಿಸುತ್ತ ನಾಲ್ಕೈದು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿಕೊಳ್ಳಿ.

ಈಗಿರುವ ಬಲೆಯನ್ನು ತೆಗೆಯಬಹುದಾ? ಬಹುದು. ಉಗುರನ್ನು ಗೆರೆಗೆ ಅಡ್ಡವಾಗಿ ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗಾಯ, ಬಿಟ್ಟುಬಿಡಿ. ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಲ್ಲಿ ಹೋಗುತ್ತದೆ. ಹೋಗುತ್ತದೆ ಅಂದರೆ ಗೆರೆ ತುಂಬಿಕೊಳ್ಳುತ್ತದೆ ಅಂತಲ್ಲ, ಗೆರೆಯ ಸುತ್ತಲಿನ ಕ್ಲಿಯರ್ ಕೋಟನ್ನೇ ಒಂದೆರಡು ಮೈಕ್ರಾನ್ ತೇಯ್ದು ಮಟ್ಟ ಮಾಡುತ್ತೇವೆ. ಇರುವುದೇ ನಲವತ್ತು. ವರ್ಷ ವರ್ಷ ಮೆಷಿನ್ ಹಾಕಿಸಿದರೆ ಒಂದು ದಿನ ಬಣ್ಣವೇ ಬಯಲಾಗುತ್ತದೆ. ಬೈಕ್ ಟ್ಯಾಂಕಿನಲ್ಲಿ ಇನ್ನೊಂದು ಕಷ್ಟ, ಎಲ್ಲ ಕಡೆ ಬಾಗು. ಅಂಚಿನಲ್ಲಿ ಪೇಂಟ್ ಮೊದಲೇ ತೆಳು, ಮೆಷಿನ್ ಅಲ್ಲೇ ಜಾಸ್ತಿ ತಿನ್ನುತ್ತದೆ. ಮಾಡುವವರು ಅಂಚಿಗೆ, ಲೋಗೋಗೆ ಮಾಸ್ಕಿಂಗ್ ಟೇಪ್ ಅಂಟಿಸುತ್ತಾರಾ ಗಮನಿಸಿ. ಟೇಪಿಲ್ಲದೆ ಮೆಷಿನ್ ಎತ್ತಿದರೆ ಗಾಡಿ ಎತ್ತಿಕೊಂಡು ವಾಪಸ್ ಬನ್ನಿ. ಟ್ಯಾಂಕಿನ ಪಟ್ಟೆಯ ಮೇಲೂ ಬೆರಳಾಡಿಸಿ. ಉಬ್ಬು ಸಿಕ್ಕರೆ ಪಟ್ಟೆ ಕ್ಲಿಯರ್ ಕೋಟಿನ ಮೇಲಿದೆ ಅಂತ ಅರ್ಥ, ಪಾಲಿಶ್ ಅಲ್ಲಿಗೆ ತಗುಲಬಾರದು. ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಗುರುತು ಹೇಳುತ್ತೇನೆ. ಪಾಲಿಶ್ ಮಾಡುವಾಗ ಬಟ್ಟೆ ಕಪ್ಪಾದರೆ ನಿಮ್ಮದರಲ್ಲಿ ಕ್ಲಿಯರ್ ಕೋಟ್ ಇಲ್ಲ, ತೇಯುತ್ತಿರುವುದು ನೇರ ಬಣ್ಣವನ್ನೇ.

ಸೆರಾಮಿಕ್ ವಿಷಯ ಕೇಳಿದ್ದೀರಿ. ನಾನೂ ಮಾಡುತ್ತೇನೆ, ದುಡ್ಡೂ ತಗೊಳ್ಳುತ್ತೇನೆ, ಆದರೂ ನಿಮಗೆ ಈಗ ಬೇಡ ಅಂತಲೇ ಹೇಳುತ್ತೇನೆ. ಅದು ಪೇಂಟಿನ ಮೇಲೆ ಹಚ್ಚುವ ತೆಳು ರಕ್ಷಣೆಯ ಪದರ. ಅದರ ಮೇಲೆ ನೀರು ನಿಲ್ಲುವುದಿಲ್ಲ, ಕೊಳೆ ಸುಲಭಕ್ಕೆ ಬಿಡುತ್ತದೆ, ಹೊಳಪು ಏರುತ್ತದೆ. ಅಷ್ಟು ನಿಜ. ‘9ಎಚ್ ಗಟ್ಟಿ, ಗೆರೆಯೇ ಬೀಳಲ್ಲ’ ಅನ್ನುವುದು ಮಾತ್ರ ಮಾರಾಟದ ಮಾತು. 9ಎಚ್ ಅಂದರೆ ಪೆನ್ಸಿಲ್ ಗೀಚಿ ಅಳೆಯುವ ಅಳತೆ. ನಿಮ್ಮ ಊರಿನ ಮರಳು ಪೆನ್ಸಿಲ್ ಅಲ್ಲ. ಹಳದಿ ಬಟ್ಟೆ ಅಭ್ಯಾಸ ಇಟ್ಟುಕೊಂಡು ಕೋಟಿಂಗ್ ಮಾಡಿಸಿದರೆ ಆರು ತಿಂಗಳಿಗೆ ಕೋಟಿಂಗ್ ಮೇಲೆ ಬಲೆ. ಮೊದಲು ಮೂರು ತಿಂಗಳು ತೊಳೆಯುವ ರೀತಿ ಬದಲಿಸಿ, ಆಮೇಲೆ ಒಂದು ಸಲ ಹಗುರ ಪಾಲಿಶ್ ಮಾಡಿಸಿ, ಮೇಲೆ ಒಳ್ಳೆಯ ವ್ಯಾಕ್ಸ್ ಹಾಕಿಕೊಳ್ಳಿ. ಖರ್ಚು ಮಾಡಲೇಬೇಕು ಅಂತಿದ್ದರೆ ಟ್ಯಾಂಕಿಗೆ ಮಾತ್ರ ಪಿಪಿಎಫ್, ಅಂದರೆ ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸಿ. ನಿಮ್ಮ ಕ್ಲಿಯರ್ ಕೋಟಿನ ನಾಲ್ಕೈದು ಪಟ್ಟು ದಪ್ಪ ಇರುತ್ತದೆ. ಬೆಲ್ಟಿನ ಬಕಲ್, ಜಾಕೆಟ್ ಜಿಪ್ ಉಜ್ಜುವ ಜಾಗಕ್ಕೆ ಅದೇ ಸರಿ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಆಯುಧ ಪೂಜೆ. ಹಬ್ಬದ ಮರುವಾರ ನನ್ನ ಶೆಡ್ಡಿಗೆ ಬರುವ ಕಪ್ಪು ಗಾಡಿಗಳ ಟ್ಯಾಂಕಿನ ಮೇಲೆ ಮೂರು ಗೆರೆ ಇರುತ್ತವೆ, ಬೆರಳಿನಗಲ, ಅಡ್ಡಕ್ಕೆ. ವಿಭೂತಿ ತೊಳೆದು ಹೋಗಿರುತ್ತದೆ, ಗೆರೆ ಹೋಗಿರುವುದಿಲ್ಲ. ನಮ್ಮ ಅಜ್ಜಿಯರು ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದರಲ್ವಾ, ಬೂದಿಗೆ ಉಜ್ಜುವ ಗುಣ ಇದೆ. ಪೂಜೆ ಮಾಡಬೇಡಿ ಅನ್ನುವಷ್ಟು ಧೈರ್ಯ ನನಗಿಲ್ಲ, ನನ್ನ ಶೆಡ್ಡಿನಲ್ಲೇ ಕುಂಬಳಕಾಯಿ ಒಡೆಯುತ್ತೇವೆ. ವಿಭೂತಿ, ಕುಂಕುಮ, ಗಂಧವನ್ನು ಹೆಡ್‌ಲೈಟ್ ಗಾಜಿಗೋ ನಂಬರ್ ಪ್ಲೇಟಿಗೋ ಹಚ್ಚಿ. ಟ್ಯಾಂಕಿಗೇ ಹಚ್ಚಬೇಕು ಅಂದರೆ ನೀರಲ್ಲಿ ಚೆನ್ನಾಗಿ ಕಲಸಿ ಬೆರಳ ತುದಿಯಲ್ಲಿ ಇಡಿ, ಎಳೆಯಬೇಡಿ. ಮಾರನೇ ದಿನ ಒರೆಸಬೇಡಿ, ನೀರು ಸುರಿದು ಇಳಿಸಿ. ಹೂವಿನ ಹಾರವನ್ನು ಟೇಪ್ ಹಾಕಿ ಪೇಂಟಿಗೆ ಅಂಟಿಸಬೇಡಿ, ಹ್ಯಾಂಡಲ್‌ಗೆ ಕಟ್ಟಿ.

ಹಕ್ಕಿ ಹಿಕ್ಕೆಗೆ ಮಾತ್ರ ಕಾಯುವ ಹಾಗಿಲ್ಲ. ಅದರಲ್ಲಿ ಆಮ್ಲ ಇದೆ. ಕಾದ ಕಪ್ಪು ಟ್ಯಾಂಕಿನ ಮೇಲೆ ಒಂದು ಮಧ್ಯಾಹ್ನ ಬಿಟ್ಟರೂ ಪೇಂಟಿನಲ್ಲಿ ನಕ್ಷೆ ಬಿಡಿಸಿಬಿಡುತ್ತದೆ. ಒಣಗಿದ್ದರೆ ಉಗುರಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ. ನಿಮ್ಮ ಕಡೆ ಮಾವಿನ ತೋಪು ಜಾಸ್ತಿ. ಹೂ ಬಿಡುವ ಕಾಲಕ್ಕೆ ಆ ನೆರಳಲ್ಲಿ ಗಾಡಿ ನಿಲ್ಲಿಸಬೇಡಿ. ಜಿಗಿಹುಳು ಬಿಡುವ ಅಂಟು ಸಣ್ಣ ಹನಿಯಾಗಿ ಉದುರಿ ಪೇಂಟಿಗೆ ಕಚ್ಚಿಕೊಳ್ಳುತ್ತದೆ. ಇನ್ನು ಕವರ್. ಮನೆಯೊಳಗೆ, ತೊಳೆದ ಗಾಡಿಗೆ ಹಾಕಿದರೆ ಒಳ್ಳೆಯದು. ಬೀದಿಯಲ್ಲಿ, ಧೂಳು ಕೂತ ಗಾಡಿಗೆ ಹಾಕಿದರೆ ಗಾಳಿಗೆ ಕವರೇ ಹಳದಿ ಬಟ್ಟೆಯ ಕೆಲಸ ಮಾಡುತ್ತದೆ.

ಮ್ಯಾಟ್ ಕಪ್ಪು ಗಾಡಿ ಇರುವವರು ಪಾಲಿಶ್, ವ್ಯಾಕ್ಸ್ ಎರಡರ ಹತ್ತಿರವೂ ಹೋಗಬೇಡಿ. ಅಲ್ಲಲ್ಲಿ ಹೊಳೆದು ಎಣ್ಣೆ ಕಲೆಯ ಹಾಗೆ ಕಾಣುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ. ಸೀಟಿಗೆ, ಟೈರಿಗೆ ಡ್ಯಾಶ್‌ಬೋರ್ಡ್ ಸ್ಪ್ರೇ ಹೊಡೆಯುವುದೂ ಬೇಡ. ತಿರುವಿನಲ್ಲಿ ಜಾರುತ್ತದೆ.

ಕೊನೆಗೆ, ಕಪ್ಪು ತಗೊಂಡಿದ್ದು ತಪ್ಪಾ? ನನ್ನ ಶೆಡ್ಡಿನ ಲೆಕ್ಕದಲ್ಲಿ ಅಲ್ಲ. ಕಪ್ಪು ಪೇಂಟಿಗೆ ಹಾಕುವುದು ಮಸಿಯ ಜಾತಿಯ ಬಣ್ಣ, ಇಂಗಾಲ. ಬಿಸಿಲಿಗೆ ಅದು ಬಣ್ಣ ಬಿಡುವುದಿಲ್ಲ. ಹಳೆಯ ಕೆಂಪು ಗಾಡಿಗಳನ್ನು ನೋಡಿ, ಟ್ಯಾಂಕಿನ ಮೇಲ್ಭಾಗ ಗುಲಾಬಿಗೋ ಇಟ್ಟಿಗೆ ಬಣ್ಣಕ್ಕೋ ತಿರುಗಿರುತ್ತದೆ. ಕ್ಲಿಯರ್ ಕೋಟಿನ ಕೆಳಗಿನ ಬಣ್ಣವೇ ಮಾಸಿದ್ದರೆ ಪಾಲಿಶ್ ಮಾಡಿ ಏನೂ ಪ್ರಯೋಜನವಿಲ್ಲ, ಹೊಸ ಪೇಂಟೇ ಗತಿ. ಕಪ್ಪು ಮಂಕಾಯಿತು ಅಂದರೆ ಹೆಚ್ಚಾಗಿ ಮಂಕಾಗಿರುವುದು ಮೇಲಿನ ಕ್ಲಿಯರ್ ಕೋಟ್, ಕೆಳಗಿನ ಕಪ್ಪು ಹಾಗೇ ಇರುತ್ತದೆ. ಬೂದಿ ಬಣ್ಣಕ್ಕೆ ತಿರುಗುವುದು ಪೇಂಟ್ ಇಲ್ಲದ ಕಪ್ಪು ಪ್ಲಾಸ್ಟಿಕ್ ಮಾತ್ರ. ಅದು ಬಿಳಿ ಗಾಡಿಯಲ್ಲೂ ಇರುತ್ತದೆ ಅಂತ ಮನೆಯಲ್ಲಿ ಹೇಳಿ. ಹೇಳುವ ಮುಂಚೆ ಆ ತರಕಾರಿ ಜರಡಿಯನ್ನು ತೊಳೆದು ವಾಪಸ್ ಇಟ್ಟಿದ್ದೀರಾ ನೋಡಿಕೊಳ್ಳಿ.